ಅಕ್ಕ ತಲೆಯಾಡಿಸಿದ ಪದ್ಯಗಳು

ಶಾಲೆಯ ಮಕ್ಕಳಿಗೆ ಅವಳು ಕಥೆ ಆಂಟಿ. ಆ ಕಥೆಗಳನ್ನು ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಅವಕ್ಕೆ ಚಿತ್ರ ಬಿಡಿಸುವವರಿಗೆ ಕಥೆ ಕಾಗದದ ಮೇಲೆ ಬೇಕಲ್ಲ. ವೇದಿಕೆಯ ಮೇಲೆ ಹೇಳುವ ಪದ್ಯಗಳನ್ನು ಮಾತ್ರ ಮೂವತ್ತು ವರ್ಷಗಳಲ್ಲಿ ಒಂದನ್ನೂ ಬರೆದಿಡಲಿಲ್ಲ. ಬರೆದರೆ ಪದ್ಯ ಕೂತುಬಿಡುತ್ತದೆ, ಆಮೇಲೆ ಎಬ್ಬಿಸಲಾಗುವುದಿಲ್ಲ ಎಂಬುದು ಅವಳ ಹಟ. ಹೊಸತು ಹುಟ್ಟಿದರೆ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಕ್ಕನ ಬೆನ್ನ ಹಿಂದೆ ನಿಂತು ಹೇಳುವಳು. ಎರಡನೇ ಸಲಕ್ಕೆ ಅದು ಅಕ್ಕನಿಗೆ ಬಾಯಿಪಾಠ.

ಕಾರ್ಯಕ್ರಮ ಎಲ್ಲೇ ಇರಲಿ, ಎದುರಿನ ಮೊದಲ ಕುರ್ಚಿ ಅಕ್ಕನದು. ತಂಗಿ ತಡವರಿಸಿದರೆ ಅಕ್ಕನ ತುಟಿ ಅಲ್ಲಾಡುತ್ತಿತ್ತು. ತಪ್ಪಿದರೆ ಹುಬ್ಬು ಗಂಟಾಗುತ್ತಿತ್ತು. ಜನ ಎಷ್ಟೇ ಚಪ್ಪಾಳೆ ತಟ್ಟಲಿ, ಮನೆಗೆ ಬರುವಾಗ ಅಕ್ಕನದು ಒಂದೇ ವರಾತ: "ಮೂರನೇದ್ರಲ್ಲಿ ಎರಡು ಸಾಲು ನುಂಗಿದೆ. ಹಸಿವಾಗಿತ್ತಾ?"

ಆ ಪದ್ಯಗಳ ಪುಸ್ತಕ ಮಾಡೋಣವೆಂದು ಪ್ರಕಾಶಕರು ದುಂಬಾಲು ಬಿದ್ದಿದ್ದರು. ಅವಳು ಹೂಂ ಅಂದದ್ದು, ಅಕ್ಕನಿಗೆ ಪಾರ್ಶ್ವವಾಯು ಬಡಿದು ಮಾತು ಹೋದ ಮೇಲೆ. ತನ್ನ ನೆನಪಿನಲ್ಲಿ ಮೊದಮೊದಲ ಸಾಲುಗಳಷ್ಟೇ ಗಟ್ಟಿಯಾಗಿವೆ, ಮಿಕ್ಕಿದ್ದೆಲ್ಲ ಅಕ್ಕನ ಹತ್ತಿರವೇ ಇದೆ ಎಂದು ಆಗಷ್ಟೇ ಅವಳಿಗೆ ಹೊಳೆದಿತ್ತು.

ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ನೋಟುಬುಕ್ಕು ಹಿಡಿದು ಕೂತಳು. ತೋಚಿದ ಸಾಲನ್ನು ಹೇಳುವುದು, ಅಕ್ಕ ತಲೆಯಾಡಿಸಿದರೆ ಬರೆದುಕೊಳ್ಳುವುದು. ವಾರದಲ್ಲಿ ಹನ್ನೊಂದು ಪದ್ಯಗಳಾದವು. ಅಕ್ಕನಿಗೆ ಎಲ್ಲ ನೆನಪಿದೆ ಎಂದು ಪ್ರಕಾಶಕರಿಗೆ ಫೋನ್ ಮಾಡಿ ಹಿಗ್ಗಿದಳು.

ಮರುದಿನ ಮೆಟ್ಟಿಲಿನ ಪದ್ಯ ಹೇಳುತ್ತ, ಬಾಯಿ ತಪ್ಪಿ ದೋಣಿಯ ಪದ್ಯದ ಸಾಲನ್ನು ಅದಕ್ಕೆ ಅಂಟಿಸಿಬಿಟ್ಟಳು. ನಾಲಿಗೆ ಕಚ್ಚಿಕೊಂಡು ಅಕ್ಕನ ಹುಬ್ಬು ನೋಡಿದಳು. ಅಕ್ಕ ನಗುತ್ತ ತಲೆಯಾಡಿಸಿದಳು.

ತಂಗಿ ಈ ಸಲ ಬೇಕೆಂದೇ ಒಂದು ಮಕ್ಕಳ ಕಥೆಯ ವಾಕ್ಯ ಹೇಳಿದಳು. ಅದಕ್ಕೂ ತಲೆಯಾಡಿತು.

"ಅಕ್ಕಾ, ಇದು ತಪ್ಪು ಕಣೇ. ಬೈಯೇ ನನಗೆ."

ಅಕ್ಕ ಮತ್ತೆ ತಲೆಯಾಡಿಸಿ, ಸರಿಯಿದ್ದ ಕೈಯಿಂದ ಅವಳ ಕೆನ್ನೆ ಸವರಿದಳು.

ಬರೆದುಕೊಂಡಿದ್ದ ಹನ್ನೊಂದನ್ನೂ ತಂಗಿ ತಿರುಗಿ ಓದಿದಳು. ಯಾವ ಸಾಲು ನಿಜ, ಯಾವುದು ಆ ಕ್ಷಣಕ್ಕೆ ತೋಚಿದ್ದು, ಅವಳಿಗೇ ಗೊತ್ತಾಗಲಿಲ್ಲ. ಪುಸ್ತಕ ಬೇಡವೆಂದು ಮಧ್ಯಾಹ್ನ ಪ್ರಕಾಶಕರಿಗೆ ಹೇಳಿದಳು. ಅವರು ಸಮಾಧಾನದಿಂದಲೇ ಕೇಳಿದರು: "ಎರಡು ಸಾಲು ಆಚೀಚೆ ಆದ್ರೆ ಹಿಡಿಯೋರು ಯಾರಮ್ಮಾ?"

"ಯಾರೂ ಇಲ್ಲ ಸರ್," ಎಂದಳು. "ಅದಕ್ಕೇ ಬೇಡ."

ಫೋನಿಟ್ಟು ಒಳಗೆ ಹೋದಳು. ಅಕ್ಕನಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು.