ಹಳ್ಳದ ದಂಡೆಯ ಕೆಸ

"ಏಯ್ ಮುಂಡೆ, ಯಾರಪ್ಪನ ಆಸ್ತಿ ಅಂತ ಕುಯ್ತಿದ್ದೀಯೇ?"

ಕಾಫಿ ತೋಟದ ರೈಟರ್ ಪ್ರಸಾದ್ ಬೂಟುಗಾಲಲ್ಲಿ ಒದ್ದ ಏಟಿಗೆ ನಮ್ಮತ್ತೆ ಗಿಡ್ಡಮ್ಮನ ಬುಟ್ಟಿ ಉರುಳಿ, ಕುಯ್ದಿದ್ದ ಕೆಸದ ಸೊಪ್ಪೆಲ್ಲ ಹಳ್ಳಕ್ಕೆ ಬಿತ್ತು.

"ತಾನಾಗೇ ಹುಟ್ಟಿದ ಸೊಪ್ಪಲ್ವ ಸ್ವಾಮಿ," ಅಂದಳು ಅತ್ತೆ.

"ತೋಟದಲ್ಲಿ ಹುಟ್ಟಿದ್ದೆಲ್ಲ ಸಾವ್ಕಾರ್ರದ್ದು. ನೀನೂ ಅವ್ರ ಕೂಲಿ ಲೈನಲ್ಲೇ ಹುಟ್ಟಿದ್ದು, ನೆನಪಿರ್ಲಿ."

ಆ ಮಧ್ಯಾಹ್ನವೇ ದಂಡೆಯುದ್ದಕ್ಕೂ ಕಳೆ ಔಷಧಿ ಹೊಡೆಸಿ, ಪಂಪುಗಳನ್ನು ಅದೇ ಹಳ್ಳದಲ್ಲಿ ತೊಳೆಸಿದ.

ನಮಗೆ ಕೂಲಿಯಿಂದ ಅಕ್ಕಿ ಬರುತ್ತದೆ, ಸಾರು ಹಳ್ಳದಿಂದಲೇ ಬರಬೇಕು. ಏಡಿ, ಒಂದೆಲಗ, ಕಳಲೆ, ಕೆಸ ತಿಂದೇ ಲೈನಿನ ಮಕ್ಕಳು ದೊಡ್ಡವಾದದ್ದು. ಔಷಧಿ ಬಂದ ಮೇಲೆ ಏಡಿ ಹೋಯಿತು, ಕಪ್ಪೆ ಹೋಯಿತು, ಕಾಫಿ ಹೂವಿಗೆ ಮುತ್ತುತ್ತಿದ್ದ ಜೇನೂ ಹೋಯಿತು. ಹೋದ ವರ್ಷ ಔಷಧಿ ಬಿದ್ದ ಸೊಪ್ಪೆಂದು ತಿಳಿಯದೆ ತಿಂದು ನನ್ನ ಮಗ ನಂದನ್ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡ. ಸಾವ್ಕಾರ್ ಓಂಕಾರಮೂರ್ತಿಯವರ ಅಂಗಳದಲ್ಲಿ ನಿಂತು ಜೀಪು ಕೇಳಿದೆ. "ಲೈನಿನ ಮಕ್ಕಳಿಗೆ ಅದೆಲ್ಲ ಏನೂ ಆಗಲ್ಲ, ಹೋಗು," ಅಂದರು. ಮಗನನ್ನು ಹೊತ್ತುಕೊಂಡೇ ಆಸ್ಪತ್ರೆಗೆ ನಡೆದೆ; ಹೇಗೋ ಉಳಿದುಕೊಂಡ.

ಸಂಜೆ ಪ್ರಸಾದ್ ಉಳಿದ ಔಷಧಿಯ ಕ್ಯಾನುಗಳನ್ನು ತಂದು ನಮ್ಮ ಮಂಚದ ಕೆಳಗೆ ತಳ್ಳಿದ.

"ನಾಳೆ ಸರ್ಟಿಫಿಕೇಟ್ ಕೊಡೋ ಮೇಡಂ ಬರ್ತಾರೆ. ಹಕ್ಕಿ, ಚಿಟ್ಟೆ, ಕಾಡು ಎಲ್ಲ ಉಳ್ಸಿರೋ ತೋಟ ಅಂತ ಸಾವ್ಕಾರ್ರು ಹೇಳಿದ್ದಾರೆ. ಬಾಯಿ ಬಿಟ್ರೆ ಲೈನ್ ಖಾಲಿ ಮಾಡಿಸ್ತೀನಿ." ಬಾಗಿಲಲ್ಲಿ ತಿರುಗಿ ನಿಂತ. "ಅವ್ರಿಗೆ ಪತ್ರೊಡೆ ಮಾಡ್ಬೇಕಂತೆ. ಬೆಳಿಗ್ಗೆ ಕೆಸ ತಂದ್ಕೊಡು."

"ಎಲ್ಲಿಂದ ತರ್ಲಿ?" ಅಂದಳು ಅತ್ತೆ.

"ಎಲ್ಲಿಂದಾದ್ರೂ ಕದ್ಕೊಂಡ್ ಬಾ ಮಾರಾಯ್ತಿ. ನಿಂಗೇನು ಹೊಸದಾ?"

ಅತ್ತೆ ಕೋಳಿ ಕೂಗುವ ಮೊದಲೇ ಎದ್ದು, ಜಾವಳಿಯಲ್ಲಿರುವ ತನ್ನ ತಂಗಿಯ ಗದ್ದೆ ಬದುವಿನಿಂದ ಕೆಸ ತಂದಳು. ಸಾವ್ಕಾರ್ರ ಹೆಂಡತಿ ಸರ್ವಮಂಗಳಾ ಹಿತ್ತಿಲಲ್ಲೇ ಅದಕ್ಕೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು. ನಾವು ಮುಟ್ಟಿದ ಸೊಪ್ಪಲ್ಲವೇ!

ಮಧ್ಯಾಹ್ನ ಜಗಲಿಯ ಮೇಜಿನ ಮೇಲೆ ಪತ್ರೊಡೆ ಹಬೆಯಾಡುತ್ತಿತ್ತು. ನಮ್ಮನ್ನು ಕೆಳಗೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು.

"ಒಂದು ಹುಲ್ಲಿಗೂ ನಾವು ವಿಷ ಹಾಕಲ್ಲ ಮೇಡಂ," ಅಂದರು ಸಾವ್ಕಾರ್ರು. "ಈ ಕೆಸ ಕೂಡ ನಮ್ಮ ತೋಟದ್ದೇ. ಅಲ್ವೇನೇ ಗಿಡ್ಡಿ?"

ಅತ್ತೆ ತಲೆಯೆತ್ತಿದಳು.

"ಹೌದು ಅಯ್ಯಾ. ಹಳ್ಳದ ದಂಡೆದು. ನಿನ್ನೆ ಪ್ರಸಾದಯ್ಯ ಜನ ಕಟ್ಕೊಂಡು ಹೋಗಿದ್ರಲ್ಲ, ಅದೇ ಜಾಗದ್ದು."

ಸಾವ್ಕಾರ್ರ ಮುಖ ಬಿಳುಚಿಕೊಂಡಿತು. ಮೇಡಂ ಇನ್ನೂ ಚಮಚ ಎತ್ತಿಕೊಳ್ಳುತ್ತಿದ್ದರು. ಅವರನ್ನು ತಡೆಯುವುದಕ್ಕೆ ಸಾವ್ಕಾರ್ರಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಕವನಾ ಒಂದು ತುಂಡು ಬಾಯಿಯ ಹತ್ತಿರ ಒಯ್ದಳು. ಸಾವ್ಕಾರ್ರು ಕೂತಿದ್ದ ಕುರ್ಚಿ ಮಗುಚುವಂತೆ ಎದ್ದು ಮಗುವಿನ ಕೈಗೆ ಹೊಡೆದರು.

"ಬಿಸಾಡೇ ಅದನ್ನ! ಔಷಧಿ ಹೊಡ್ದಿದೆ!"

ಮಗು ಚಿಟ್ಟನೆ ಚೀರಿತು. ಮೇಡಂ ಚಮಚ ಕೆಳಗಿಟ್ಟರು.

"ಯಾವ ಔಷಧಿ?"

ನಮ್ಮ ಲೈನಿನವರು ಯಾರೂ ತುಳಿಯದ ಮೆಟ್ಟಿಲು ಹತ್ತಿ ಹೋದ ಅತ್ತೆ, ನೆಲಕ್ಕೆ ಬಿದ್ದಿದ್ದ ತುಂಡು ಹೆಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಹೆದರ್ಬೇಡಿ ಅಯ್ಯಾ, ಇದು ಜಾವಳಿ ಕೆಸ. ನಿಮ್ಮ ಮಗೂಗೆ ಏನೂ ಆಗಲ್ಲ."

"ಲೈನ್ ಖಾಲಿ ಮಾಡ್ರೇ ಬೇವರ್ಸಿಗಳಾ! ಈಗಿಂದೀಗ್ಲೇ!" ಪ್ರಸಾದ್ ಕಿರುಚಿದ.

"ಮಾಡ್ತೀವಿ," ಅಂದೆ ನಾನು.

ಮನೆಗೆ ಓಡಿದೆ. ಮಡಕೆ, ಚಾಪೆ ಯಾವುದನ್ನೂ ಮುಟ್ಟಲಿಲ್ಲ. ಮಂಚದ ಕೆಳಗಿನಿಂದ ಒಂದು ಕ್ಯಾನು ಎಳೆದು ತಲೆಯ ಮೇಲೆ ಹೊತ್ತು ಬಂದೆ, ಆ ಮೆಟ್ಟಿಲು ಹತ್ತಿ ಪತ್ರೊಡೆಯ ತಟ್ಟೆ ಸರಿಸಿ ಮೇಡಂ ಮುಂದೆ ಇಟ್ಟೆ.