ಮೂರು ಗ್ರಾಂ

ಮೂರು ಗ್ರಾಂ ಎಂದೇ ಬರೆದಿತ್ತು. ಎಷ್ಟು ಸಲ ನೋಡಿದರೂ ಅದು ಎಂಟಾಗಲಿಲ್ಲ.

ಇನ್‌ಕ್ಯುಬೇಟರಿನ ಪಕ್ಕ ನಿಂತು ಅವನು ನಿನ್ನೆಯ ಚಾರ್ಟನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದ. ನರ್ಸಿನ ದುಂಡನೆಯ ಅಕ್ಷರ. ಹನ್ನೊಂದರಿಂದ ಐದರವರೆಗೆ, ಆರು ಗಂಟೆಗಳಲ್ಲಿ, ಡೈಪರ್ ತೂಗಿ ಲೆಕ್ಕ ಹಾಕಿದ ಮೂತ್ರ: 3. ಆ ಅಂಕಿಯ ಎಡಗಡೆ ಎರಡು ಸಣ್ಣ ಕಮಾನು ಎಳೆದರೆ ಸಾಕು. ಎಂಟಾದರೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಅಷ್ಟಕ್ಕೇ ತನ್ನ ಮೇಲೆ ತನಗೆ ಸ್ವಲ್ಪ ಗೌರವ ಹುಟ್ಟಿದ್ದನ್ನು ಗಮನಿಸಿ ಅಸಹ್ಯವಾಯಿತು.

ಮಗು ಎರಡು ತಿಂಗಳು ಮೊದಲೇ ಹುಟ್ಟಿತ್ತು. ಇವತ್ತಿಗೆ ಆರು ದಿನ. ತೂಕ ಒಂದು ಕಿಲೋ ಮುನ್ನೂರು ಗ್ರಾಂ. ರಕ್ತದಲ್ಲಿ ಸೋಂಕಿದೆಯೆಂದು ಶುರು ಮಾಡಿದ್ದ ಆಂಟಿಬಯಾಟಿಕ್ ಒಳ್ಳೆಯದೇ. ಆದರೆ ಎಳೆಯ ಕಿಡ್ನಿಗಳ ಮೇಲೆ ಅದಕ್ಕೆ ಕಣ್ಣು. ಮೂತ್ರ ಕಡಿಮೆಯಾದರೆ ಮುಂದಿನ ಡೋಸ್ ತಡೆಹಿಡಿದು ರಕ್ತಪರೀಕ್ಷೆ ಮಾಡಬೇಕು. ಇದು ಅವನು ಪ್ರತಿವರ್ಷ ಕಿರಿಯ ಡಾಕ್ಟರುಗಳಿಗೆ ಹೇಳಿಕೊಡುವ ಪಾಠ.

ನಿನ್ನೆ ಐದು ಗಂಟೆಗೆ ನರ್ಸ್ ಬಾಗಿಲವರೆಗೆ ಹಿಂದೆಯೇ ಬಂದಿದ್ದಳು. ಅವನ ಹೆಗಲ ಮೇಲೆ ಆಗಲೇ ಬ್ಯಾಗಿತ್ತು.

“ಸರ್, ಕಿಟಕಿ ಪಕ್ಕದ ಪಾಪು ಉಚ್ಚೆ ಕಮ್ಮಿ ಮಾಡ್ತಿದೆ. ಮೂರೇ ಗ್ರಾಂ.”

“ಬೆಳಿಗ್ಗೆ ನೋಡೋಣ.”

“ರಾತ್ರಿ ಡೋಸ್?”

“ಕೊಡಿ, ಕೊಡಿ.”

ಎರಡನೆಯ ‘ಕೊಡಿ’ ಅವಳು ದಾರಿ ಬಿಡಲಿ ಎಂದು. ಕಿಟಕಿ ಪರದೆಯ ಅಂಗಡಿಯಲ್ಲಿ ಹೆಂಡತಿ ಕಾಯುತ್ತಿದ್ದಳು. ಅಲ್ಲಿ ಗಂಡ ಹೆಂಡತಿ ಬೂದು ಬಣ್ಣದ ಎರಡು ಬಟ್ಟೆಗಳಲ್ಲಿ ಯಾವುದು ಹೆಚ್ಚು ಬೂದು ಎಂದು ಒಂದು ಗಂಟೆ ಚರ್ಚೆ ಮಾಡಿದರು.

ಬೆಳಗಿನ ರಕ್ತದ ವರದಿಯಲ್ಲಿ, ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ ಎರಡೂವರೆ ಪಟ್ಟಾಗಿತ್ತು. ರಾತ್ರಿಯಿಡೀ ಡೈಪರ್ ಒಣಗಿಯೇ ಇತ್ತು. ಮಗುವಿನ ಪಾದಗಳು ಊದಿಕೊಂಡು ಮಿರಮಿರ ಹೊಳೆಯುತ್ತಿದ್ದವು.

ಒಂಬತ್ತಕ್ಕೆ ವಿಭಾಗದ ಮುಖ್ಯಸ್ಥೆ ಬಂದರು. ಎಲ್ಲರ ಬಾಯಲ್ಲೂ ಅವರು ದೊಡ್ಡ ಮೇಡಂ.

“ನಿನ್ನೆನೇ ಮೂರು ಗ್ರಾಂ. ಮತ್ತೆ ರಾತ್ರಿ ಡೋಸ್ ಹೇಗೆ ಹೋಯ್ತು?” ಮೇಡಂ ಚಾರ್ಟಿನಿಂದ ಕಣ್ಣೆತ್ತಲಿಲ್ಲ.

ತಪ್ಪು ನಂದೇ ಮೇಡಂ. ಈ ಮಾತನ್ನು ಅವನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ಸಿದ್ಧವಾಗಿದ್ದ.

“ನನಗೆ ಯಾರೂ ಹೇಳಿರ್ಲಿಲ್ಲ ಮೇಡಂ” ಎಂದ.

ದನಿ ಎಷ್ಟು ಸಹಜವಾಗಿತ್ತೆಂದರೆ ಅರೆಕ್ಷಣ ಅವನೇ ನಂಬಿದ.

ಮೇಡಂ ನರ್ಸಿನ ಕಡೆ ತಿರುಗಿದರು. “ಏನಮ್ಮಾ, ಹೇಳ್ಲಿಲ್ವಾ?”

ನರ್ಸ್ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹೇಳಿದ್ದೆ ಅನ್ಸುತ್ತೆ ಮೇಡಂ.”

ಅನ್ಸುತ್ತೆ. ಬಸ್ಸಿನ ಸೀಟಿನಲ್ಲಿ ಸರಿದು ಕೂತು ಜಾಗ ಕೊಡುವ ಹಾಗೆ ಅವಳು ಅವನಿಗೆ ಜಾಗ ಮಾಡಿಕೊಟ್ಟಿದ್ದಳು. ‘ಹೌದಲ್ಲ, ಹೇಳಿದ್ರು, ನಂಗೇ ಮರ್ತೋಯ್ತು’ ಎಂದಿದ್ದರೆ ಮುಗಿಯುತ್ತಿತ್ತು. ಅವನು ಮಾನಿಟರ್ ನೋಡುತ್ತ ನಿಂತ.

“ಅನ್ಸುತ್ತೆ ಅಂದ್ರೆ? ಹೇಳಿದ್ರೆ ಬರೀಬೇಕು ತಾನೆ? ಹದಿನೈದು ವರ್ಷದ ಸರ್ವಿಸು! ಸಂಜೆಯೊಳಗೆ ವಿವರಣೆ ಬರೆದು ಕೊಡಿ.”

“ಆಗ್ಲಿ ಮೇಡಂ.”

ಔಷಧಿ ನಿಂತಿತು. ಇಷ್ಟು ಪುಟ್ಟ ಹೊಟ್ಟೆಗೆ ಡಯಾಲಿಸಿಸ್ ಎಂದರೆ ಜೀವ ಬಾಯಿಗೆ ಬರುವ ಕೆಲಸ, ನಾಳೆಯವರೆಗೆ ಕಾಯುವುದೆಂದಾಯಿತು. ಮೂತ್ರಕ್ಕೆ ದಾರದಷ್ಟು ಸಣ್ಣ ನಳಿಕೆ ಹಾಕಲು ಅವನೂ ನರ್ಸೂ ಎದುರುಬದುರು ನಿಂತರು. ಅವನು ಕೇಳುವ ಮೊದಲೇ ಬೇಕಾದದ್ದೆಲ್ಲ ಅವಳ ಕೈಯಿಂದ ಅವನ ಕೈಗೆ ಬರುತ್ತಿತ್ತು.

“ಸಿಸ್ಟರ್, ಬೆಳಿಗ್ಗೆ ನಾನು...”

“ಟೇಪ್ ಒತ್ತಿ ಹಿಡೀರಿ ಸರ್, ಜಾರುತ್ತೆ.”

ಒತ್ತಿ ಹಿಡಿದ.

ಹೊರಗಿನ ಬೆಂಚಿನಲ್ಲಿ ಮಗುವಿನ ತಂದೆ ಕೂತಿದ್ದ. ಲಿಫ್ಟ್ ರಿಪೇರಿಯವನು; ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ. ಡಾಕ್ಟರನ್ನು ಕಂಡು ಎದ್ದು ನಿಂತ.

“ಕಿಡ್ನಿ ನಿಂತೋಗಿದೆಯಂತೆ. ಯಾಕೆ ಸರ್?”

“ದಿನ ತುಂಬದೆ ಹುಟ್ಟಿದ ಮಗು. ಅಂಗಾಂಗ ಇನ್ನೂ ಬಲಿತಿಲ್ಲ.”

ಒಂದಕ್ಷರವೂ ಸುಳ್ಳಲ್ಲ. ಪುಸ್ತಕದಲ್ಲಿ ಹಾಗೆಯೇ ಇದೆ.

“ನಮ್ಮ ಲೈನಲ್ಲಿ ಲಿಫ್ಟ್ ನಿಂತ್ರೆ ಮೊದಲು ನೋಡೋದೇ, ಕೊನೇ ಸಲ ಕೈ ಹಾಕಿದ್ದು ಯಾರು ಅಂತ” ಎಂದು ತಂದೆ ನಕ್ಕ. ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಹೆದರಿದವರು ತಮಗೆ ಗೊತ್ತಿರುವ ಮಾತಾಡುತ್ತಾರೆ.

“ಇದು ಲಿಫ್ಟ್ ಅಲ್ವಲ್ಲ” ಎಂದು ಅವನೂ ನಕ್ಕ.

ಮಧ್ಯಾಹ್ನ ಹೆಂಡತಿಯ ಫೋನು. “ಆ ಬೂದು ಖಾಲಿಯಂತೆ ರೀ. ಹಸಿರು ಆಗುತ್ತಾ?”

“ಆಗುತ್ತೆ.”

“ನಿನ್ನೆ ಅಷ್ಟು ಹಟ ಮಾಡಿದ್ರಿ?”

“ಯಾವ್ದಾದ್ರೂ ಆಗುತ್ತೆ ಕಣೇ.”

ನಾಲ್ಕರ ಹೊತ್ತಿಗೆ ನರ್ಸ್ ಕೈಸನ್ನೆ ಮಾಡಿ ಕರೆದಳು. ನಳಿಕೆಯಲ್ಲಿ ಹಳದಿ ಗೆರೆಯೊಂದು ತೆವಳುತ್ತಿತ್ತು. ನಾಲ್ಕು ಹನಿ, ಐದು. ನಳಿಕೆಯನ್ನೇ ನೋಡುತ್ತ ಅವಳು “ಬಂತು ಸರ್” ಎಂದಳು. ಅವಳ ಕಣ್ಣು ತುಂಬಿತ್ತು. ಅವನಿಗೆ ಮೊದಲು ಬಂದ ಯೋಚನೆ ಮಗುವಿನದಲ್ಲ: ಇನ್ನು ಯಾರೂ ಇದನ್ನು ಕೆದಕುವುದಿಲ್ಲ ಎಂಬುದು. ಆ ನೆಮ್ಮದಿ ಮೈಮೇಲೆ ಹಲ್ಲಿ ಬಿದ್ದಂತೆ ಅವನನ್ನು ಬೆಚ್ಚಿಬೀಳಿಸಿತು.

ಸುದ್ದಿ ಅವನಿಗಿಂತ ಮುಂಚೆ ಹೊರಗೆ ಹೋಗಿತ್ತು. ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಂದೆ ಒಳಗೆ ಬಂದ. ಬಂದವನೇ ಡಾಕ್ಟರನ ಎರಡೂ ಕೈ ಹಿಡಿದುಕೊಂಡ.

“ನಾನೂ ಇವ್ಳೂ ಮಾತಾಡ್ಕೊಂಡ್ವಿ ಸರ್. ನಿಮ್ಮ ಹೆಸರೇ ಇಡೋಣ ಅಂತ.”

“ಬೇಡ!”

ಪಕ್ಕದ ಇನ್‌ಕ್ಯುಬೇಟರಿನವರೂ ತಿರುಗಿ ನೋಡಿದರು.

“ನೀವು ದೊಡ್ಡವರು, ಹಾಗೇ ಅಂತೀರ” ಎಂದಳು ತಾಯಿ. ಅವಳ ತುಟಿ ಒಣಗಿ ಬಿರಿದಿತ್ತು.

“ನೋಡಿ, ನಿನ್ನೆ...” ಎಂದ. ಇಬ್ಬರೂ ಕಾದರು. ನರ್ಸ್ ಬರೆಯುತ್ತಿದ್ದವಳು ಕೈ ನಿಲ್ಲಿಸಿದಳು. “ನಿನ್ನೆಗಿಂತ ಇವತ್ತು ವಾಸಿ. ಆದ್ರೂ ಈಗ್ಲೇ ಏನೂ ಹೇಳಕ್ಕಾಗಲ್ಲ. ಹೆಸರಿಗೇನು ಅವಸರ?”

“ಹೆಸರಿದ್ರೆ ಗಟ್ಟಿಯಾಗಿ ಉಳ್ಕೊಳ್ಳುತ್ತೆ ಅಂತ ಇವ್ಳಿಗೆ” ಎಂದ ತಂದೆ.

ನರ್ಸ್ ಅರ್ಧ ಬರೆದಿದ್ದ ವಿವರಣೆಯ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ತಾಯಿಯ ಹೆಸರಷ್ಟೇ ಇದ್ದ ಹಳೆಯ ಕಾರ್ಡನ್ನು ತೆಗೆದು ಹೊಸದೊಂದನ್ನು ಮುಂದಿಟ್ಟುಕೊಂಡಳು.

“ಪೂರ್ತಿ ಹೆಸರು ಬರೀಲಾ ಸರ್?”

ಅವಳ ಮುಖದಲ್ಲಿ ನಗುವಿರಲಿಲ್ಲ, ಕುಹಕವೂ ಇರಲಿಲ್ಲ. ಕೆಲಸದ ಪ್ರಶ್ನೆ. ಅವನು ತಲೆಯಾಡಿಸಿದ. ಹೌದೆಂದೋ ಬೇಡವೆಂದೋ ಅವನಿಗೇ ತಿಳಿಯಲಿಲ್ಲ. ಅವಳು ಅದೇ ದುಂಡನೆಯ ಅಕ್ಷರದಲ್ಲಿ ಬರೆದು ಕಾರ್ಡನ್ನು ಇನ್‌ಕ್ಯುಬೇಟರಿಗೆ ಸಿಕ್ಕಿಸಿದಳು.

ತಂದೆ ತಾಯಿ ಹೊರಟುಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ನಳಿಕೆಯ ಗೆರೆ ಮುಂದೆ ಸರಿಯಿತೋ ಅಲ್ಲೇ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಕಾಮಾಲೆಗೆಂದು ಹಾಕಿದ್ದ ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಅವನ ಹೆಸರು ಬಾಯಿ ಅಗಲ ತೆರೆದು ಅಳತೊಡಗಿತು. ಗಂಟಲಲ್ಲಿ ಉಸಿರಿನ ಕೊಳವೆಯಿತ್ತು. ಸದ್ದೇ ಬರಲಿಲ್ಲ.