ಮೂರನೆಯದು ಕಣ್ಣು

ವೆಲ್ಡರನ ಹಣೆ ಬಿಸಿಯಾಗಿದೆ, ಬೆವರಿನ ಜೊತೆ ಸುಟ್ಟ ಕಬ್ಬಿಣದ ವಾಸನೆ, ಎಷ್ಟು ಸೋಪು ಹಚ್ಚಿದರೂ ಹೋಗದ ವಾಸನೆ, ಉಪದೇಶಿ ಮೇಷ್ಟ್ರ ಹೆಬ್ಬೆರಳು ಆ ಹಣೆಯ ಮೇಲೆ ಶಿಲುಬೆ ಎಳೆಯಿತು — ಇದು ಅವರ ಕೆಲಸವಲ್ಲ, ಕ್ರೈಸ್ತನಾಗಲು ಬಂದ ಹೊಸಬನ ಎದುರು ನಿಂತು ಗುರುತು ಹಾಕಬೇಕಾದವನು ಅವನ ಭಾವ, ಭಾವನಿಗೆ ಇವತ್ತೇ ಜ್ವರ ಬರಬೇಕೇ, ಫಾದರ್ ಚರ್ಚಿನ ಬಾಗಿಲಲ್ಲೇ ಹಿಡಿದು ಅಂದರು, ನೀವೇ ನಿಂತ್ಕೊಳ್ಳಿ ಮೇಷ್ಟ್ರೇ, ಕಲಿಸಿದೋರು ನೀವೇ ಅಲ್ವಾ. ಹಣೆ, ಕಿವಿ, ಕಣ್ಣು, ತುಟಿ, ಎದೆ, ಹೆಗಲು, ಕೈ, ಕಾಲು, ಇವರೇ ಬಾಯಿಪಾಠ ಮಾಡಿಸಿದ ವರಸೆ, ಮೂರನೆಯದು ಕಣ್ಣು. ಒಂಬತ್ತು ವರ್ಷ ಈ ವರಸೆಯಿಂದ ತಪ್ಪಿಸಿಕೊಂಡಿದ್ದಾರೆ, ಪ್ರಸಾದದಿಂದಲೂ ತಪ್ಪಿಸಿಕೊಂಡಿದ್ದಾರೆ, ದೀಕ್ಷಾಸ್ನಾನ ಆಗದ ಹೊಸಬರು ಫಾದರ್ ಪ್ರಬೋಧನೆ ಮುಗಿದ ಕೂಡಲೇ, ಪ್ರಸಾದ ಕೊಡುವ ಮೊದಲೇ, ಹೊರಗೆ ಹೋಗಬೇಕು, ಅವರನ್ನು ಕರೆದುಕೊಂಡು ಮೇಷ್ಟ್ರೂ ಎದ್ದು ಹೋಗುತ್ತಾರೆ, ಹಿಂದಿನ ಸಾಲಿನ ಅಜ್ಜಿಯರು ಎಂಥಾ ಸೇವೆ ಎಂದು ಲೊಚಗುಟ್ಟುತ್ತಾರೆ, ಸೇವೆಯಂತೆ, ಮಣ್ಣು.

ಕಿವಿ, ಫಾದರ್ ಓದುತ್ತಾರೆ. ಬಲಗಿವಿ, ಎಡಗಿವಿ, ಕಿವಿಯ ಹಿಂದೆ ಕಿಡಿ ಹಾರಿದ ಸಣ್ಣ ಕಲೆ — ಪ್ರಸಾದ ಅಂತೀಯಲ್ಲ, ಹಿಟ್ಟಿನ ಬಿಲ್ಲೆ ಅಣ್ಣಾ ಅದು, ತಮ್ಮ ಅಂದಿದ್ದ, ನಾಲಿಗೆಗೆ ಅಂಟ್ಕೊಳ್ಳುತ್ತೆ ಅಷ್ಟೇ, ನಾನಿನ್ನು ಚರ್ಚಿಗೆ ಬರಲ್ಲ, ಒಂಬತ್ತು ವರ್ಷದ ಹಿಂದಿನ ಭಾನುವಾರ ಮಧ್ಯಾಹ್ನ, ಅಮ್ಮ ಇನ್ನೂ ತಟ್ಟೆ ಇಡುತ್ತಿದ್ದಾಳೆ, ತಮ್ಮ ನಗುತ್ತಿದ್ದಾನೆ, ಗೂಡಿನಲ್ಲಿದ್ದ ಹಿತ್ತಾಳೆ ಶಿಲುಬೆ ತಾನಾಗಿ ಕೈಗೆ ಬಂದಂತೆ ಬಂತು, ತಾನಾಗಿ ಬರಲಿಲ್ಲ, ಇವರೇ ತೆಗೆದುಕೊಂಡರು. ಮೊದಲನೆಯ ಏಟು ಸಿಟ್ಟಿನದು, ಹುಬ್ಬು ಸೀಳಿತು, ತಮ್ಮನ ಬಾಯಲ್ಲಿ ನಗು ಹಾಗೇ ಇತ್ತು, ಎರಡನೆಯದು ಸಿಟ್ಟಿನದಲ್ಲ, ಎರಡನೆಯದರಲ್ಲಿ ಸುಖವಿತ್ತು, ಯಾವ ಪ್ರಾರ್ಥನೆಯಲ್ಲೂ ಸಿಗದ ಸುಖ, ಮೂರನೆಯದಕ್ಕೆ ಶಿಲುಬೆಯ ತೋಳೇ ನುಗ್ಗಿತು. ರಕ್ತ ನಿಲ್ಲಿಸಲು ರೆಪ್ಪೆಯ ಮೇಲೆ ಹೆಬ್ಬೆರಳು ಒತ್ತಿದರೆ ಹೆಬ್ಬೆರಳು ಒಳಗೆ ಇಳಿಯಿತು, ಅಲ್ಲಿ ಗುಂಡಗಿರಬೇಕಾದ್ದು ಇರಲಿಲ್ಲ. ಮೆಟ್ಟಿಲಿಂದ ಬಿದ್ದೆ ಡಾಕ್ಟ್ರೇ, ತಮ್ಮನೇ ಹೇಳಿದ, ಅಮ್ಮ ಶಿಲುಬೆಯನ್ನು ಬೂದಿ ಹಾಕಿ ತಿಕ್ಕಿ ಮತ್ತೆ ಗೂಡಿಗಿಟ್ಟಳು, ಯಾರೂ ಏನೂ ಕೇಳಲಿಲ್ಲ, ಮುಂದಿನ ತಿಂಗಳೇ ಇವರು ಫಾದರ್ ಹತ್ತಿರ ಹೋಗಿ ಹೊಸಬರಿಗೆ ಕಲಿಸ್ತೀನಿ ಎಂದರು. ಒಬ್ಬನನ್ನು ಹೊಡೆದು ಹೊರಗಟ್ಟಿದವನು ಎಷ್ಟು ಜನರನ್ನು ಒಳಗೆ ತಂದರೆ ಸರಿಹೋದೀತು, ಈಗಲೂ ಭಾನುವಾರ ಮನೆ ಬಾಗಿಲು ತೆರೆಯುವವನು ತಮ್ಮನೇ, ಒಂದು ಕಡೆ ಗುಳಿಬಿದ್ದ ರೆಪ್ಪೆ, ಇವತ್ತು ಎಷ್ಟು ಜನ ನಂಬಿದ್ರಣ್ಣಾ, ಕುಹಕವಲ್ಲ, ಬರೀ ತಮಾಷೆ, ಕುಹಕವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಹೋದ ವಾರ ಪಾಪನಿವೇದನೆಯ ಪಾಠ, ಮುಚ್ಚಿಟ್ಟಿದ್ದು ಕೊಳೆಯುತ್ತೆ, ಗುರುಗಳ ಹತ್ರ ಹೇಳ್ಬಿಡ್ಬೇಕು, ಹೇಳದೆ ಪ್ರಸಾದ ತಗೋಬಾರ್ದು, ಇದೇ ವೆಲ್ಡರ್ ಕೈ ಎತ್ತಿದ, ನೀವು ಎಲ್ಲಾ ಹೇಳಿದೀರಾ ಮೇಷ್ಟ್ರೇ, ಹೂಂ ಅಂದರು, ಸಲೀಸಾಗಿ ಅಂದುಬಿಟ್ಟರು, ಅವನು ನಂಬಿದ, ನಂಬಿ ಇಲ್ಲಿ ಬಂದು ನಿಂತಿದ್ದಾನೆ — ಕಣ್ಣು, ಫಾದರ್ ಓದಿದರು, ವೆಲ್ಡರ್ ಕಣ್ಣು ಮುಚ್ಚಿ ಮುಖ ಒಡ್ಡಿದ, ಮಗುವಿನ ಹಾಗೆ. ಹೆಬ್ಬೆರಳಿಟ್ಟ ರೆಪ್ಪೆಯ ಕೆಳಗೆ ಅದು ಹೊರಳಿತು, ಗುಂಡಗೆ, ಒತ್ತಿದರೆ ಎಷ್ಟು ಸುಲಭ, ಕೈಗೆ ಇನ್ನೂ ನೆನಪಿದೆ, ಹಾಳು ಕೈ, ಫಾದರ್ ತುಟಿ ಎಂದರು, ಮತ್ತೆ ತುಟಿ ಎಂದರು, ಮೇಷ್ಟ್ರೇ ತುಟಿ, ವೆಲ್ಡರ್ ಪಿಸುಗುಟ್ಟಿದ, ಮೇಷ್ಟ್ರೇ ನೋಯ್ತಿದೆ, ಹೇಳಿಲ್ಲ ಕಣೋ, ಯಾರದೋ ದನಿ ಇಡೀ ಚರ್ಚಿಗೆ ಕೇಳುವಷ್ಟು ಜೋರಾಗಿ, ಇವರದೇ ದನಿ, ನಾನು ಹೇಳಿಲ್ಲ, ಎಲ್ಲಾ ಹೇಳಿಲ್ಲ, ಯಾರೋ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಾರೆ, ಹೆಬ್ಬೆರಳು ಬರುತ್ತಿಲ್ಲ, ಹೆಬ್ಬೆರಳಿನ ಕೆಳಗೆ ಗುಂಡಗೆ, ಬೆಚ್ಚಗೆ, ಇದೆ, ಇನ್ನೂ ಇದೆ, ಹೊರಳುತ್ತಿದೆ, ಗುಂಡಗೆ